ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ

(ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆಯ ಪ್ರಬೋಧನೆ. ಶುಭಸಂದೇಶ: ಲೂಕ 2:1-14)



ಬೀದರಿನ ಡಿಸೆಂಬರ್ ಚಳಿ ನಿಮಗೆ ಹೊಸದಲ್ಲ. ಆದರೂ ಭಾಲ್ಕಿ ಕಡೆಯಿಂದ, ಔರಾದ್ ಕಡೆಯಿಂದ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಬಂದವರು ಮತ್ತೆ ಊರು ಸೇರಬೇಕು. ಆದ್ದರಿಂದ ಈ ರಾತ್ರಿ ದೊಡ್ಡ ವಿಷಯಗಳಿಗೆ ಕೈ ಹಾಕುವುದಿಲ್ಲ. ಈಗ ತಾನೇ ಓದಿದ ಶುಭಸಂದೇಶದಿಂದ ಒಂದೇ ಒಂದು ಪದವನ್ನು ಎತ್ತಿಕೊಳ್ಳುತ್ತೇನೆ. ಅದು 'ಬೆತ್ಲೆಹೇಮ್'. ನಮ್ಮ ಮಕ್ಕಳು ಥರ್ಮಕೋಲಿನಲ್ಲಿ ಕತ್ತರಿಸಿ, ಮಿಂಚಿನ ಪುಡಿ ಅಂಟಿಸಿ, ಗೋದಲಿಯ ಮೇಲೆ ಬರೆದಿದ್ದಾರಲ್ಲ, ಅದೇ ಪದ.

ಗೋದಲಿ ಎಂದ ಕೂಡಲೇ ಅಸ್ಸಿಸಿಯ ಸಂತ ಫ್ರಾನ್ಸಿಸರು ನೆನಪಾಗುತ್ತಾರೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅವರು ಕ್ರಿಸ್ತಜಯಂತಿಯ ರಾತ್ರಿ ಹುಲ್ಲು ಹರಡಿ, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ ಹಬ್ಬ ಮಾಡಿದ ಸಂಗತಿ ನಿಮಗೆ ಗೊತ್ತು. ಆದರೆ ಆ ರಾತ್ರಿಯ ಇನ್ನೊಂದು ಸಣ್ಣ ವಿವರವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಫ್ರಾನ್ಸಿಸರ ಜೀವನಚರಿತ್ರೆ ಬರೆದ ಚೆಲಾನೊದ ತೋಮಾಸರು ಅದನ್ನು ದಾಖಲಿಸಿದ್ದಾರೆ. ಫ್ರಾನ್ಸಿಸರು 'ಬೆತ್ಲೆಹೇಮ್' ಎಂದು ಉಚ್ಚರಿಸುವಾಗ ಕುರಿಮರಿ 'ಬ್ಯಾ' ಎಂದು ಕೂಗಿದ ಹಾಗೆ ಕೇಳಿಸುತ್ತಿತ್ತಂತೆ. ಹೆಸರು ಹೇಳಿ ಮುಗಿದ ಮೇಲೆ ಅದರ ರುಚಿ ನೋಡುವವರ ಹಾಗೆ ನಾಲಗೆಯಿಂದ ತುಟಿ ಸವರಿಕೊಳ್ಳುತ್ತಿದ್ದರಂತೆ! ಊರಿನ ಹೆಸರನ್ನು ಬೆಲ್ಲದಂತೆ ಚಪ್ಪರಿಸುವುದೆಂದರೆ ಏನು? ಸಂತರ ಹುಚ್ಚಾಟ ಎಂದು ನಕ್ಕುಬಿಡಬಹುದು. ಆದರೆ ಆ ಹೆಸರಿನ ಅರ್ಥ ತಿಳಿದವರು ನಗಲಾರರು.

ಇಬ್ರಿಯ ಭಾಷೆಯಲ್ಲಿ 'ಬೇತ್' ಅಂದರೆ ಮನೆ, 'ಲೆಹೆಮ್' ಅಂದರೆ ರೊಟ್ಟಿ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. 'ಬೇತ್' ಎಂಬ ಪದ ನಮ್ಮ ಬೀದರಿನವರಿಗೆ ಪರಕೀಯವಲ್ಲ. ನೆರೆಮನೆಯ ಮುಸಲ್ಮಾನ ಬಂಧುಗಳು 'ಬೈತುಲ್ಲಾ' ಎನ್ನುತ್ತಾರೆ, ದೇವರ ಮನೆ ಎಂದು. 'ಬೈತುಲ್ ಮಾಲ್' ಎನ್ನುತ್ತಾರೆ, ಬಡವರಿಗಾಗಿ ಕೂಡಿಡುವ ಹಣದ ಮನೆ ಎಂದು. ಆ 'ಬೈತ್' ಮತ್ತು ಈ 'ಬೇತ್' ಒಂದೇ ತಾಯಿಯ ಮಕ್ಕಳು. ಬೈಬಲಿನಲ್ಲೇ ಇನ್ನೂ ಎಷ್ಟೋ ಊರುಗಳಿಗೆ ಈ ಮನೆತನದ ಹೆಸರಿದೆ. ಯಕೋಬನು ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗಿ ಕನಸು ಕಂಡ ಊರು ಬೇತೇಲ್, ದೇವರ ಮನೆ.

ಅರಬ್ಬಿಯಲ್ಲಿ ಇದೇ ಊರಿಗೆ 'ಬೈತ್ ಲಹಮ್' ಎನ್ನುತ್ತಾರೆ. ಅಲ್ಲಿ 'ಲಹಮ್' ಎಂದರೆ ಮಾಂಸ. ಹಾಗಾದರೆ ಅದು ಮಾಂಸದ ಮನೆ! ಜಗಳ ಬೇಡ. ಮೂಲದಲ್ಲಿ ಅದು ಮುಖ್ಯ ಆಹಾರವನ್ನು ಹೇಳುವ ಪದ. ಬೆಳೆ ಬೆಳೆಯುವವರ ಬಾಯಲ್ಲಿ ಅದು ರೊಟ್ಟಿಯಾಯಿತು, ಕುರಿ ಒಂಟೆ ಸಾಕುವವರ ಬಾಯಲ್ಲಿ ಮಾಂಸವಾಯಿತು ಎಂದು ಪಂಡಿತರು ವಿವರಿಸುತ್ತಾರೆ. ನಮ್ಮಲ್ಲಿಯೂ 'ಊಟ ಆಯ್ತೇನ್ರಿ' ಎಂದು ಕೇಳಿದರೆ ಮೈಸೂರಿನವರ ಕಣ್ಣಿಗೆ ಬರುವುದು ಅನ್ನ, ನಮ್ಮ ಕಣ್ಣಿಗೆ ಬರುವುದು ಜೋಳದ ರೊಟ್ಟಿ ಅಲ್ಲವೇ? ಔರಾದಿನ ಗಡಿಯ ಮನೆಗಳಲ್ಲಿ ಅದಕ್ಕೇ ಭಾಕರಿ ಎನ್ನುತ್ತಾರೆ. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಕನ್ನಡದಲ್ಲಿ ಹೇಳುವಾಗ ನಾವು ಅನುದಿನದ 'ಆಹಾರ' ಬೇಡುತ್ತೇವೆ. ಮರಾಠಿ ಬೈಬಲಿನಲ್ಲಿ ಅದೇ ಜಾಗದಲ್ಲಿ 'ಭಾಕರ' ಎಂಬ ಪದವಿದೆ. ನನ್ನನ್ನು ಕೇಳಿದರೆ ಮರಾಠಿಯವರದೇ ಮೂಲಕ್ಕೆ ಹತ್ತಿರ. ಆಹಾರ ಎನ್ನುವುದು ಪುಸ್ತಕದ ಮಾತು. ಭಾಕರಿ ಎಂದರೆ ಹಿಟ್ಟಿನ ಕೈ, ಹಂಚಿನ ಬಿಸಿ, ಬಡಿಯುವ ಸದ್ದು ಎಲ್ಲವೂ ಅದರೊಳಗಿದೆ.

ಇನ್ನು ಆ ಊರು ಎಷ್ಟು ಹಳೆಯದು? ಇಸ್ರಯೇಲರು ಬರುವ ಮುಂಚೆಯೇ ಅದು ಕಾನಾನ್ಯರ ಊರು. 1887ರಲ್ಲಿ ಈಜಿಪ್ಟಿನ ಅಮರ್ನಾ ಎಂಬಲ್ಲಿ ಮಣ್ಣಿನ ಹಲಗೆಗಳ ಮೇಲೆ ಬರೆದ ರಾಜಪತ್ರಗಳು ಸಿಕ್ಕವು. ಕ್ರಿಸ್ತಪೂರ್ವ 14ನೆಯ ಶತಮಾನದವು. ಜೆರುಸಲೇಮಿನ ಅಂದಿನ ದೊರೆ ಅಬ್ದಿಹೆಬ ಫರೋಹನಿಗೆ ಬರೆದ ಒಂದು ಪತ್ರದಲ್ಲಿ, ತನ್ನ ನಾಡಿನ ಒಂದು ಊರು ವೈರಿಗಳ ಕೈಸೇರಿತೆಂದು ಗೋಳು ತೋಡಿಕೊಂಡಿದ್ದಾನೆ. ಆ ಊರಿನ ಹೆಸರನ್ನು ಕೆಲವು ವಿದ್ವಾಂಸರು 'ಬಿತ್ ಲಹ್ಮಿ' ಎಂದು ಓದುತ್ತಾರೆ, ಇನ್ನು ಕೆಲವರು ಒಪ್ಪುವುದಿಲ್ಲ. 'ಲಹ್ಮು' ಎಂಬ ಹಳೆಯ ದೇವತೆಯೊಂದಿತ್ತು, ಅದರ ಗುಡಿಯಿಂದ ಈ ಹೆಸರು ಬಂತೆಂದು ಹೇಳುವವರೂ ಇದ್ದಾರೆ. ನಮ್ಮ ಊರಿನದೂ ಇದೇ ಕತೆ. ಬಿದಿರು ಬೆಳೆಯುತ್ತಿದ್ದ ಸೀಮೆ, ಅದಕ್ಕೆ ಬೀದರ್ ಎನ್ನುವವರು ಒಂದು ಕಡೆ. ಇಲ್ಲ, ಇದು ಮಹಾಭಾರತದ ವಿದುರನ ಊರು, ವಿದುರನಗರ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ನಡೆದುಕೊಂಡು ಬಂದಿವೆ, ಅದರಿಂದ ಯಾರ ಮನೆಯ ಒಲೆಯೂ ಆರಿಲ್ಲ. ಬೈಬಲಿನ ಜನರ ಕಿವಿಯಲ್ಲಿ ಮಾತ್ರ ಆ ಹೆಸರು ರೊಟ್ಟಿಯ ಮನೆ ಎಂದೇ ಧ್ವನಿಸಿತು. ನಮಗೆ ಬೇಕಾದುದು ಅದು.

ಔರಾದಿನವರಿಗೆ ಒಂದು ಮಾತು ಹೇಳಬೇಕು. ಕಚೇರಿಯ ಕಾಗದಗಳಲ್ಲಿ ನಿಮ್ಮ ಊರನ್ನು ಬರೀ 'ಔರಾದ್' ಎಂದು ಬರೆದರೆ ಸಾಲದು. ಪಕ್ಕದಲ್ಲಿ ಕಂಸ ಹಾಕಿ 'ಬಾ' ಎಂದೋ 'ಬಿ' ಎಂದೋ ಬರೆಯಬೇಕು. ಏಕೆಂದರೆ ಬೀದರ್ ತಾಲ್ಲೂಕಿನಲ್ಲಿ ಇನ್ನೊಂದು ಔರಾದ್ ಇದೆ, ಅದಕ್ಕೆ 'ಎಸ್' ಹಾಕುತ್ತಾರೆ. ಆ ಒಂದು ಅಕ್ಷರ ತಪ್ಪಿದರೆ ಅರ್ಜಿ ಎಲ್ಲಿಗೋ ಹೋಗುತ್ತದೆ, ಬರಬೇಕಾದ ಕಾಗದ ಬರುವುದಿಲ್ಲ. ಬೆತ್ಲೆಹೇಮಿಗೂ ಇದೇ ತೊಂದರೆ! ಯೆಹೋಶುವನ ಗ್ರಂಥವನ್ನು ತೆರೆದು ನೋಡಿ (19:15). ಜೆಬುಲೂನ್ ಕುಲದವರ ಪಾಲಿನಲ್ಲಿ ಇನ್ನೊಂದು ಬೆತ್ಲೆಹೇಮ್ ಇದೆ. ಅದು ಉತ್ತರದ ಗಲಿಲೇಯದಲ್ಲಿದೆ, ನಜರೇತಿಗೆ ತೀರ ಹತ್ತಿರ. ಅದಕ್ಕಾಗಿಯೇ ಪ್ರವಾದಿ ಮೀಕ ಬರಿಯ ಬೆತ್ಲೆಹೇಮ್ ಎನ್ನದೆ 'ಎಫ್ರಾತದ ಬೆತ್ಲೆಹೇಮ್' ಎಂದು ಕಂಸ ಹಾಕಿದ. ಹೆಸರು ಒಂದೇ ಆದರೂ ದೇವರು ತಪ್ಪು ವಿಳಾಸಕ್ಕೆ ಹೋಗುವುದಿಲ್ಲ. ಜೋಸೆಫರು ಮತ್ತು ತುಂಬು ಗರ್ಭಿಣಿ ಮರಿಯಮ್ಮನವರು ಹತ್ತಿರದ ಬೆತ್ಲೆಹೇಮ್ ಬಿಟ್ಟು ದೂರದ ಬೆತ್ಲೆಹೇಮಿಗೇ ನಡೆದರು. ಇಲ್ಲಿಂದ ಹೈದರಾಬಾದಿಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು ದೂರ, ಗುಡ್ಡಗಾಡಿನ ದಾರಿ.

ಹೋದದ್ದಾದರೂ ಯಾಕೆ? ಹೆಸರು ಬರೆಸಲು. ರೋಮಿನ ಚಕ್ರವರ್ತಿಗೆ ಜನಗಣತಿ ಬೇಕಾಗಿತ್ತು, ಗಣತಿ ಬೇಕಾಗಿದ್ದು ತೆರಿಗೆಗಾಗಿ. 2012ರಲ್ಲಿ ಜೆರುಸಲೇಮಿನ ಉತ್ಖನನದಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಚಿಕ್ಕ ಮಣ್ಣಿನ ಮುದ್ರೆ ಸಿಕ್ಕ ಸುದ್ದಿ ಪ್ರಕಟವಾಯಿತು. ಯೇಸು ಹುಟ್ಟುವುದಕ್ಕೆ ಆರೇಳು ನೂರು ವರ್ಷ ಮೊದಲಿನದು. ಅದರ ಮೇಲೆ ಬೆತ್ಲೆಹೇಮಿನ ಹೆಸರಿದೆ. ಬೈಬಲಿನ ಹೊರಗೆ ಅಷ್ಟು ಹಳೆಯ ಕಾಲದ ಇಬ್ರಿಯ ಬರಹದಲ್ಲಿ ಆ ಹೆಸರು ಸಿಕ್ಕಿದ್ದು ಅದೇ ಮೊದಲು. ಅದು ಏನಿರಬಹುದು ಎಂದುಕೊಂಡಿರಿ? ಪ್ರಾರ್ಥನೆಯಲ್ಲ, ಹಾಡಲ್ಲ. ಆ ಊರಿನಿಂದ ಅರಸನಿಗೆ ಕಂದಾಯವಾಗಿ ಹೋದ ಸರಕಿನ ಮೇಲೆ ಒತ್ತಿದ ಮುದ್ರೆ ಅದು ಎನ್ನುತ್ತಾರೆ ಕಂಡುಹಿಡಿದವರು. ಸರಕಾರದ ಕಣ್ಣಿನಲ್ಲಿ ರೊಟ್ಟಿಯ ಮನೆ ಎಂದರೆ ಕಂದಾಯದ ಮನೆ! ಪಹಣಿಗಾಗಿ, ಪಡಿತರ ಚೀಟಿಯಲ್ಲಿ ಒಂದು ಹೆಸರು ಸೇರಿಸುವುದಕ್ಕಾಗಿ ದಿನಗಟ್ಟಲೆ ಸರದಿಯಲ್ಲಿ ನಿಂತ ತಾಯಂದಿರು ಇಲ್ಲಿ ಇದ್ದೀರಿ. ಮರಿಯಮ್ಮನವರು ನಿಂತದ್ದು ಆ ಸರದಿಯಲ್ಲೇ.

ಪ್ರಿಯರೇ, ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ಬೈಬಲಿನಲ್ಲಿ ಬೆತ್ಲೆಹೇಮಿನ ಕತೆಯನ್ನು ವಿಸ್ತಾರವಾಗಿ ಹೇಳುವ ಪುಸ್ತಕ ಒಂದೇ, ರೂತಳ ಗ್ರಂಥ. ನಾಲ್ಕೇ ಅಧ್ಯಾಯ, ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಆ ಗ್ರಂಥ ಆರಂಭವಾಗುವುದೇ ಒಂದು ವಿಚಿತ್ರ ಸುದ್ದಿಯಿಂದ. ರೊಟ್ಟಿಯ ಮನೆಯಲ್ಲಿ ರೊಟ್ಟಿ ಇಲ್ಲ! ಬೆತ್ಲೆಹೇಮಿಗೆ ಬರ ಬಂದಿದೆ. ಎಲೀಮೆಲೆಕ ಎಂಬ ರೈತ ಹೆಂಡತಿ ನವೊಮಿಯನ್ನು, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಗುಳೆ ಹೊರಡುತ್ತಾನೆ.

ಗುಳೆ ಎಂದರೇನೆಂದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕೇ? 72ರ ಬರವನ್ನು ನೆನೆಸಿಕೊಂಡು ಈಗಲೂ ತಲೆ ಅಲ್ಲಾಡಿಸುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. 2016ರ ಬೇಸಿಗೆಯಲ್ಲಿ ಗಡಿಯಾಚೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದದ್ದನ್ನು ನಾವೆಲ್ಲ ಕಂಡಿದ್ದೇವೆ. ತೊಗರಿ ಒಣಗಿದರೆ, ಸೋಯಾಬೀನ್ ಮಳೆಗೆ ಕೊಳೆತರೆ, ಹೈದರಾಬಾದಿನ ಕಟ್ಟಡಗಳೇ ಗತಿ, ಪುಣೆಯೇ ಗತಿ. ಈ ರಾತ್ರಿ ಇಲ್ಲಿ ಕೂತವರಲ್ಲಿ ಎಷ್ಟೋ ಮಂದಿ ನಿನ್ನೆಯ ಬಸ್ಸಿನಲ್ಲಿ, ಇಂದಿನ ರೈಲಿನಲ್ಲಿ ಬಂದಿದ್ದೀರಿ, ಹಬ್ಬ ಮುಗಿಸಿ ಮತ್ತೆ ಹೋಗುತ್ತೀರಿ. ನಿಮ್ಮ ಕತೆ ಬೈಬಲಿನಲ್ಲಿದೆ. ಬೆತ್ಲೆಹೇಮಿನ ಕತೆಯೇ ನಿಮ್ಮ ಕತೆ.

ನವೊಮಿಯ ಕುಟುಂಬ ಹೋದದ್ದು ಮೋವಾಬಿಗೆ. ಇದು ಯೆಹೂದ್ಯರಿಗೆ ಆಗದ ನಾಡು. ಮೋವಾಬ್ಯರನ್ನು ದೇವಜನರ ಸಭೆಗೆ ಸೇರಿಸಬಾರದು ಎಂದು ಧರ್ಮೋಪದೇಶಕಾಂಡದಲ್ಲಿ ಕಟ್ಟಳೆ ಇದೆ (23:3-4). ಕಾರಣವನ್ನೂ ಅಲ್ಲಿಯೇ ಕೊಟ್ಟಿದೆ. ಇಸ್ರಯೇಲರು ಈಜಿಪ್ಟಿನಿಂದ ದಣಿದು ಬರುತ್ತಿದ್ದಾಗ ಆ ಜನ ರೊಟ್ಟಿ ನೀರು ಹಿಡಿದುಕೊಂಡು ಎದುರುಗೊಳ್ಳಲಿಲ್ಲ! ಇದೊಂದು ಹಳೆಯ ಸೇಡು, ರೊಟ್ಟಿ ಕೊಡದವರ ಮೇಲಿನ ಸೇಡು. ಹತ್ತು ವರ್ಷ ಕಳೆಯುವುದರೊಳಗೆ ನವೊಮಿಯ ಗಂಡ ತೀರಿಕೊಂಡ, ಇಬ್ಬರು ಮಕ್ಕಳೂ ತೀರಿಕೊಂಡರು. ಆ ಹೊತ್ತಿಗೆ, ದೇವರು ತನ್ನ ಜನರಿಗೆ ಮತ್ತೆ ರೊಟ್ಟಿ ಕೊಟ್ಟಿದ್ದಾರೆಂಬ ಸುದ್ದಿ ಬಂತು. ಮೂಲದಲ್ಲಿ ಅಲ್ಲಿಯೂ 'ಲೆಹೆಮ್' ಎಂಬ ಪದವೇ ಇದೆ. ರೊಟ್ಟಿಯ ಮನೆಗೆ ರೊಟ್ಟಿ ಮರಳಿತು. ನವೊಮಿ ಊರಿಗೆ ಹೊರಟಳು. ಬೇಡವೆಂದರೂ ಕೇಳದೆ ಸೊಸೆ ರೂತಳೂ ಜೊತೆಗೆ ಬಂದಳು. ಅವಳು ಆ ಬೇಡದ ಜಾತಿಯವಳು, ಮೋವಾಬ್ಯಳು.

ಊರಿನ ಹೆಂಗಸರು ಓಡಿ ಬಂದು 'ಇವಳು ನವೊಮಿಯೇ ಏನು' ಎಂದು ಬೆರಗಾದರು. ಆಗ ಆ ತಾಯಿ ಹೇಳಿದ್ದು ಹೆಸರಿನ ವಿಷಯವೇ. ನವೊಮಿ ಎಂದರೆ ಸಿಹಿ, ಸೊಗಸು. ನನ್ನನ್ನು ಹಾಗೆ ಕರೆಯಬೇಡಿ, ಮಾರಾ ಎಂದು ಕರೆಯಿರಿ ಎಂದಳು. ಮಾರಾ ಎಂದರೆ ಕಹಿ. ತುಂಬಿದ ಮಡಿಲಿನಿಂದ ಹೋಗಿ ಬರಿಗೈಯಲ್ಲಿ ಬಂದವಳಿಗೆ ತನ್ನ ಹೆಸರೇ ತನ್ನನ್ನು ಅಣಕಿಸಿದ ಹಾಗಾಗಿತ್ತು. ಹೆಸರಿಗೂ ಬದುಕಿಗೂ ಹೊಂದಿಕೆಯಾಗದಿದ್ದಾಗ ಎಷ್ಟು ನೋವಾಗುತ್ತದೆ ಎಂಬುದನ್ನು ಬೈಬಲ್ ಇಲ್ಲಿ ಮುಚ್ಚಿಡುವುದಿಲ್ಲ.

ಆಗ ಜವೆಗೋದಿಯ ಕೊಯ್ಲಿನ ಕಾಲ. ರೂತಳು ಹಕ್ಕಲು ಆಯಲು ಹೋದಳು. ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆಯುವುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಅಂಚಿನ ಪೈರನ್ನು ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆಯನ್ನು ಬಳಿದುಕೊಳ್ಳಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂದು ಮೋಶೆಯ ಕಾನೂನಿದೆ. ಹೊಲದ ಒಡೆಯ ಬೋವಜ ಅವಳನ್ನು ಕಂಡ. ಅವನು ಮಾಡಿದ್ದನ್ನು ಗಮನಿಸಿ. 'ನೀನು ಯಾರ ಪೈಕಿ' ಎಂದು ತಿರುಗಿಸಿ ಕೇಳಿ ದೂರ ನಿಲ್ಲಿಸಲಿಲ್ಲ. ಊಟದ ಹೊತ್ತಿಗೆ ಹತ್ತಿರ ಕರೆದ, ಕೊಯ್ಯುವವರ ಸಾಲಿನಲ್ಲೇ ಕೂರಿಸಿದ, ರೊಟ್ಟಿಯನ್ನು ಹುಳಿರಸದಲ್ಲಿ ಅದ್ದಿ ತಿನ್ನಲು ಹೇಳಿದ, ಹುರಿದ ಕಾಳನ್ನು ಮುಂದಿಟ್ಟ. ರೂತಳು ಹೊಟ್ಟೆ ತುಂಬ ತಿಂದಳು. ಉಳಿದದ್ದನ್ನು ಕಟ್ಟಿಕೊಂಡು ಹೋಗಿ ಅತ್ತೆಗೆ ಕೊಟ್ಟಳು. ಈ ಕೊನೆಯ ವಿವರ ನನಗೆ ಬಹಳ ಇಷ್ಟ. ತಾನು ತಿಂದು ಸೆರಗಿನಲ್ಲಿ ಒಂದಿಷ್ಟು ಕಟ್ಟಿಕೊಂಡು ಹೋಗುವ ಸೊಸೆಯನ್ನು, ಮಗಳನ್ನು ನೀವು ಎಲ್ಲಿಯೂ ನೋಡಿಲ್ಲವೇ?

ರೊಟ್ಟಿ ಕೊಡದ ಜನರ ಮಗಳಿಗೆ ರೊಟ್ಟಿಯ ಮನೆಯಲ್ಲಿ ರೊಟ್ಟಿ ಸಿಕ್ಕಿತು! ಬೆತ್ಲೆಹೇಮ್ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡ ದಿನ ಅದು. ಮುಂದೆ ಅವರಿಬ್ಬರ ಮದುವೆಯಾಯಿತು, ಅವರ ಮರಿಮಗನೇ ದಾವೀದ. ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿ ಆ ಪರದೇಶಿ ಹೆಣ್ಣಿನ ಹೆಸರು ಸೇರಿದೆ. ಅಂದು ಬೋವಜನು ಕಟ್ಟಳೆಯನ್ನೇ ನೋಡಿ ಅವಳನ್ನು ಹೊಲದಿಂದ ಅಟ್ಟಿದ್ದರೆ ಆ ವಂಶಾವಳಿ ಅಲ್ಲಿಯೇ ನಿಲ್ಲುತ್ತಿತ್ತು.

ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತನಾಡಿದರೆ ಕ್ಷಮಿಸಿ. ನಮ್ಮ ಜನ ಊರು ಬಿಟ್ಟು ಹೋಗಿ ನಗರದಲ್ಲಿ ಬಾಡಿಗೆಗೆ ಒಂದು ಕೋಣೆ ಕೇಳಿದಾಗ ಎದುರಾಗುವ ಮೊದಲ ಪ್ರಶ್ನೆ 'ಯಾವ ಊರು'. ಎರಡನೆಯದು 'ಯಾವ ಮಂದಿ'. ಉತ್ತರ ಕೇಳಿದ ಮೇಲೆ ಕೋಣೆ ಇದ್ದಕ್ಕಿದ್ದಂತೆ ಭರ್ತಿಯಾಗಿಬಿಡುತ್ತದೆ. ಈ ಅವಮಾನ ಉಂಡವರು ನಮ್ಮಲ್ಲಿ ಅನೇಕರು. ಆದರೆ ನಮ್ಮ ಬೀದರಿಗೂ ಕೆಲಸ ಹುಡುಕಿಕೊಂಡು ಬೇರೆ ರಾಜ್ಯಗಳ ಹುಡುಗರು ಬರುತ್ತಾರೆ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾರೆ, ಇಟ್ಟಿಗೆ ಹೊರುತ್ತಾರೆ. ಅವರಲ್ಲಿ ಕೆಲವರು ಭಾನುವಾರ ಪೂಜೆಗೂ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತೇ? ಪೂಜೆಯಾದ ಮೇಲೆ ಒಬ್ಬರನ್ನಾದರೂ ಊಟಕ್ಕೆ ಕರೆದಿದ್ದೇವೆಯೇ? ನಮ್ಮ ನಮ್ಮಲ್ಲೇ ಹೆಣ್ಣು ಕೊಟ್ಟು ತರುವಾಗ ಎಂಥೆಂಥ ಪ್ರಶ್ನೆ ಕೇಳಿಕೊಳ್ಳುತ್ತೇವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಹೆಸರು ಕೆಡುವುದು ಹೀಗೆಯೇ. ಲಂಡನ್ನಿನಲ್ಲಿ 1247ರಲ್ಲಿ ಬೆತ್ಲೆಹೇಮಿನ ಮಾತೆ ಮರಿಯಳ ಹೆಸರಿನಲ್ಲಿ ಒಂದು ಮಠ ಕಟ್ಟಿದರು. ಕ್ರಮೇಣ ಅದು ಮಾನಸಿಕ ರೋಗಿಗಳ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಬೆತ್ಲೆಹೇಮ್ ಸವೆದು 'ಬೆಡ್ಲಮ್' ಆಯಿತು. ಒಂದು ಕಾಲಕ್ಕೆ ಆ ರೋಗಿಗಳನ್ನು ಮೃಗಾಲಯದ ಪ್ರಾಣಿಗಳ ಹಾಗೆ ನೋಡಿ ನಗಲು ಜನ ಹೋಗುತ್ತಿದ್ದರು. ಇಂದಿಗೂ ಇಂಗ್ಲಿಷಿನಲ್ಲಿ 'ಬೆಡ್ಲಮ್' ಎಂದರೆ ಗದ್ದಲ, ಹುಚ್ಚರ ಸಂತೆ. ರಕ್ಷಕನು ಹುಟ್ಟಿದ ಊರಿನ ಹೆಸರು ಬೈಗುಳವಾಯಿತು! ಹೆಸರಿನದೇನು ತಪ್ಪು? ಆ ಮನೆಯಲ್ಲಿ ದಯೆ ಕಡಿಮೆಯಾಯಿತು, ಹೆಸರು ಅದರ ಹಿಂದೆಯೇ ಹೋಯಿತು. ಅದೃಷ್ಟವಶಾತ್ ಆ ಆಸ್ಪತ್ರೆ ಈಗಲೂ ಇದೆ, ಸುಧಾರಿಸಿದೆ, ಮೊದಲಿನಂತಿಲ್ಲ. ಪದ ಮಾತ್ರ ಸುಧಾರಿಸಲಿಲ್ಲ. ಅಮೆರಿಕದಲ್ಲೂ ಒಂದು ಬೆತ್ಲೆಹೇಮ್ ಇದೆ. 1741ರ ಕ್ರಿಸ್ತಜಯಂತಿಯ ಮುನ್ನಾರಾತ್ರಿ ವಲಸೆ ಬಂದ ಮೊರಾವಿಯನ್ ಕ್ರೈಸ್ತರು ಕಟ್ಟಿಗೆಯ ಮನೆಯೊಂದರಲ್ಲಿ ಕೂಡಿ ತಮ್ಮ ಹೊಸ ಊರಿಗೆ ಆ ಹೆಸರಿಟ್ಟರು. ಮುಂದೆ ಅದು ಉಕ್ಕಿನ ಕಾರ್ಖಾನೆಗೆ ಹೆಸರಾಯಿತು.

ಹೆಸರು ಹಲಗೆಯ ವಿಷಯ ಬಂದಾಗ ಭಾಲ್ಕಿಯವರು ಹೆಮ್ಮೆಪಡಬೇಕಾದ ಒಂದು ಸಂಗತಿಯಿದೆ. ನಿಜಾಮರ ಆಡಳಿತದಲ್ಲಿ ಇಲ್ಲಿ ಕನ್ನಡ ಶಾಲೆ ನಡೆಸುವುದು ಸುಲಭವಿರಲಿಲ್ಲ. ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹೊರಗಿನ ಹಲಗೆಯಲ್ಲಿ ಒಂದು, ಒಳಗಿನ ಪಾಠ ಇನ್ನೊಂದು. ಒಳಗಿದ್ದುದು ಹೊರಗಿನದಕ್ಕಿಂತ ದೊಡ್ಡದಾಗಿತ್ತು, ಆದ್ದರಿಂದ ಅದು ಗೆದ್ದಿತು. ನಮ್ಮ ಕೆಲವು ಮನೆಗಳ ಗೋಡೆಯ ಮೇಲೆ 'ಬೆತ್ಲೆಹೇಮ್', 'ಬೇತೇಲ್' ಎಂದು ಕೆತ್ತಿಸಿದ ಕಲ್ಲಿದೆ. ಚಂದವಾಗಿದೆ, ಬೇಡವೆನ್ನುವುದಿಲ್ಲ. ಒಳಗಿನ ಪಾಠ ಯಾವುದು ಎಂದು ಮಾತ್ರ ಕೇಳುತ್ತಿದ್ದೇನೆ. ಬಾಗಿಲು ಬಡಿದವರಿಗೆ ರೊಟ್ಟಿ ಸಿಗುತ್ತದೆಯೇ?

ಇನ್ನು ಗೋದಲಿಗೆ ಬರೋಣ. ದಕ್ಷಿಣದ ಕಡೆ ಗೋದಲಿ ಎಂದರೆ ಹಬ್ಬದ ಅಲಂಕಾರ, ಗೊಂಬೆಗಳ ಗುಡಿಸಲು. ನಮ್ಮ ಕಡೆಯ ರೈತರಿಗೆ ಅದು ದಿನ ಬಳಕೆಯ ಮಾತು. ಗ್ವಾದಲಿ ಎಂದರೆ ದನಕ್ಕೆ ಮೇವು ಹಾಕುವ ಜಾಗ. ದೇವಣಿ ಎತ್ತು ಕಣಿಕೆ ತಿನ್ನುವ, ಎಮ್ಮೆ ಹೊಟ್ಟು ಮುಕ್ಕುವ ಗ್ವಾದಲಿ. ಸಂತ ಲೂಕನು ಹೇಳುವುದು ಅದನ್ನೇ. ರೊಟ್ಟಿಯ ಮನೆಯೆಂಬ ಊರಿನಲ್ಲಿ, ತಿನ್ನುವುದನ್ನು ಇಡುವ ಜಾಗದಲ್ಲಿ ಮಗುವನ್ನು ಮಲಗಿಸಿದರು. ಇದು ಆಕಸ್ಮಿಕವಲ್ಲ ಎಂಬುದನ್ನು ಹಿಂದಿನವರು ಕಂಡುಕೊಂಡಿದ್ದರು. 590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಸಂತ ಗ್ರೆಗೊರಿಯವರು ಕ್ರಿಸ್ತಜಯಂತಿಯ ಪ್ರಬೋಧನೆಯೊಂದರಲ್ಲಿ ಬೆತ್ಲೆಹೇಮ್ ಎಂಬ ಹೆಸರಿನ ಅರ್ಥವನ್ನು ಬಿಡಿಸಿ, ತಾನೇ ಜೀವದ ರೊಟ್ಟಿ ಎಂದು ಮುಂದೆ ಹೇಳಲಿದ್ದವರು ಹುಟ್ಟಲು ಬೇರೆ ಊರು ಹೊಂದುತ್ತಿರಲಿಲ್ಲ ಎಂಬ ಭಾವದಲ್ಲಿ ಮಾತನಾಡಿದ್ದಾರೆ. ಅವರಿಗಿಂತ ಮುಂಚೆ ಸಂತ ಜೆರೋಮರು 386ರಿಂದ ಸಾಯುವವರೆಗೂ ಬೆತ್ಲೆಹೇಮಿನಲ್ಲೇ ನೆಲೆಸಿ ಬೈಬಲನ್ನು ಲತೀನಿಗೆ ತಂದರು. ಬೈಬಲಿನ ಹೆಸರುಗಳ ಅರ್ಥ ಹೇಳುವ ಪುಸ್ತಕವನ್ನೂ ಬರೆದರು. ಅವರ ಜೊತೆ ರೋಮಿನಿಂದ ಬಂದ ಶ್ರೀಮಂತ ವಿಧವೆ ಸಂತ ಪೌಲಾ ತನ್ನ ಹಣದಲ್ಲಿ ಅಲ್ಲಿ ಮಠಗಳನ್ನಷ್ಟೇ ಅಲ್ಲ, ದಾರಿಹೋಕರಿಗಾಗಿ ಒಂದು ಛತ್ರವನ್ನೂ ಕಟ್ಟಿಸಿದಳು. ಮರಿಯಮ್ಮನವರಿಗೆ ಜಾಗ ಸಿಗದ ಊರಿನಲ್ಲಿ ಇನ್ನು ಯಾರಿಗೂ ಹಾಗಾಗಬಾರದೆಂದು!

ಜಾಗ ಇರಲಿಲ್ಲ ಎಂದು ಲೂಕನು ಹೇಳುವಲ್ಲಿ ಗ್ರೀಕ್ ಭಾಷೆಯ 'ಕತಾಲುಮ' ಎಂಬ ಪದ ಬಳಸಿದ್ದಾನೆ. ಛತ್ರ, ಅತಿಥಿಗಳ ಕೋಣೆ ಎಂಬ ಅರ್ಥ. ಇಡೀ ಶುಭಸಂದೇಶದಲ್ಲಿ ಅವನು ಆ ಪದವನ್ನು ಇನ್ನೊಂದೇ ಕಡೆ ಬಳಸುತ್ತಾನೆ. ಪ್ರಭು ತಮ್ಮ ಶಿಷ್ಯರೊಡನೆ ಕೊನೆಯ ಭೋಜನ ಮಾಡಲು ಕೇಳಿದ ಕೋಣೆಗೆ (22:11). ಹುಟ್ಟುವಾಗ ಯಾವ ಕೋಣೆಯಲ್ಲಿ ಅವರಿಗೆ ಜಾಗ ಸಿಗಲಿಲ್ಲವೋ, ಅಂಥ ಕೋಣೆಯಲ್ಲೇ ಕೂತು ರೊಟ್ಟಿಯನ್ನು ಮುರಿದು ತಮ್ಮನ್ನೇ ಕೊಟ್ಟರು. ಇನ್ನು ಹತ್ತು ನಿಮಿಷದಲ್ಲಿ ಈ ಪೀಠದ ಮೇಲೆ ನಡೆಯುವುದು ಅದೇ.

ಈಗಿನ ಬೆತ್ಲೆಹೇಮ್ ಹೇಗಿದೆ ಎಂದು ಕೇಳಬಹುದು. ಅದು ಪ್ಯಾಲೆಸ್ತೀನಿನ ವೆಸ್ಟ್ ಬ್ಯಾಂಕಿನಲ್ಲಿದೆ. ಕ್ರಿಸ್ತ ಜನನದ ಮಹಾದೇವಾಲಯ 2012ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಮುಂಬಾಗಿಲು ನಾಲ್ಕಡಿ ಎತ್ತರ ಮಾತ್ರ. ದೊರೆಯಾದರೂ ಬಗ್ಗಿಯೇ ಹೋಗಬೇಕು. 614ರಲ್ಲಿ ಪರ್ಶಿಯದ ಸೈನ್ಯ ಆ ಸೀಮೆಯ ದೇವಾಲಯಗಳನ್ನು ಕೆಡವುತ್ತ ಬಂದಾಗ, ಇದರ ಮೇಲಿದ್ದ ಮೂವರು ಜ್ಞಾನಿಗಳ ಚಿತ್ರದಲ್ಲಿ ತಮ್ಮ ನಾಡಿನ ಉಡುಪು ಕಂಡು ಕೈ ತಡೆದರೆಂದು ಹಳೆಯ ಮಾತಿದೆ. ಪರ್ಶಿಯದಿಂದ ಬಂದ ಮಹಮೂದ್ ಗಾವಾನರು ಕಟ್ಟಿಸಿದ ಮದರಸವನ್ನು ದಿನವೂ ನೋಡುವ ನಮಗೆ ಈ ಕತೆ ಹಿಡಿಸುತ್ತದೆ. ಗಾಜಾ ಯುದ್ಧದ ಕಾರಣ 2023ರಲ್ಲೂ 2024ರಲ್ಲೂ ಬೆತ್ಲೆಹೇಮಿನ ಚೌಕದಲ್ಲಿ ಕ್ರಿಸ್ತಜಯಂತಿಯ ಮರ ನಿಲ್ಲಿಸಲಿಲ್ಲ, ದೀಪ ಹಚ್ಚಲಿಲ್ಲ. ಯಾತ್ರಿಕರು ಬಾರದೆ ಅಂಗಡಿಗಳು ಮುಚ್ಚಿದವು, ಎಷ್ಟೋ ಕ್ರೈಸ್ತ ಕುಟುಂಬಗಳು ಊರು ಬಿಟ್ಟವು. ನವೊಮಿಯ ಮನೆಯವರು ಮತ್ತೆ ಗುಳೆ ಹೊರಟಿದ್ದಾರೆ. ಇಂದಿನ ವಿಶ್ವಾಸಿಗಳ ಬಿನ್ನಹಗಳಲ್ಲಿ ಅವರನ್ನು ಹೆಸರಿಸಿ ಪ್ರಾರ್ಥಿಸೋಣ.

ಈ ದಿನಗಳಲ್ಲೇ ನಮ್ಮ ಜಿಲ್ಲೆಯಲ್ಲಿ ಎಳ್ಳ ಅಮಾವಾಸ್ಯೆ ಬರುತ್ತದೆ. ನೆರೆಯವರು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ದಾರಿಯಲ್ಲಿ ಹೋಗುವವರನ್ನು ಕೈ ಹಿಡಿದು ಕರೆದು ಉಣಿಸುತ್ತಾರೆ, ಯಾರು ಏನು ಎಂದು ಕೇಳುವುದಿಲ್ಲ. ನಮ್ಮನ್ನೂ ಕರೆಯುತ್ತಾರೆ, ನಾವೂ ಹೋಗಿ ಉಂಡು 'ಭಜ್ಜಿ ಭಾರಿ ಆಗ್ಯಾದ' ಎಂದು ಹೊಗಳಿ ಬರುತ್ತೇವೆ. ನಾಳೆ ನಮ್ಮ ಸರದಿ. ಪೂಜೆಯಾದ ಮೇಲೆ ಹಿಂದಿನ ಸಾಲಿನಲ್ಲಿ ನಿಂತವರು ಒಬ್ಬರೂ ಉಣ್ಣದೆ ಹೋಗದಂತೆ ನೋಡಿಕೊಳ್ಳಿ. ಹೆಸರು ಕೇಳಿ, ಊರು ಕೇಳಿ, ಅಲ್ಲಿಗೆ ನಿಲ್ಲಿಸಿ.

ಈಗ ಎಲ್ಲರೂ ಎದ್ದು ನಿಂತು ವಿಶ್ವಾಸಸಂಗ್ರಹವನ್ನು ಹೇಳೋಣ. ದೇವಪುತ್ರರು ಮನುಷ್ಯರಾದರು ಎಂಬ ಮಾತು ಬಂದಾಗ ಬೇರೆ ದಿನಗಳಲ್ಲಿ ತಲೆ ಬಾಗಿಸುತ್ತೇವೆ. ಇಂದು ಎಲ್ಲರೂ ಮಂಡಿಯೂರಬೇಕು. ಮೊಳಕಾಲು ನೋವಿರುವ ಹಿರಿಯರು ಕೂತೇ ತಲೆ ಬಾಗಿಸಲಿ.